ನೂರು ಡಾಲರಿಗೆ ಗಾಡಿ-ಮನೆ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಪೆಟ್ಟಿಗೆ. ಮುಂದೆ ಗುಂಡಗೆ, ಹಿಂದೆ ಇಳಿಜಾರು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ನೀರಿನ ಹನಿಯ ಹಾಗೆ. ಒಳಗೆ ಇಬ್ಬರು ಮಲಗಬಹುದು, ಎದ್ದು ನಿಲ್ಲೋಕಾಗಲ್ಲ. ಹಿಂಬದಿಯ ಮುಚ್ಚಳ ಮೇಲೆತ್ತಿದರೆ ಅಡುಗೆಮನೆ. ಮಳೆಯಿರಲಿ ಬಿಸಿಲಿರಲಿ, ಅಡುಗೆ ಮಾಡುವವರು ಹೊರಗೆ ನಿಂತೇ ಮಾಡಬೇಕು. ಇದಕ್ಕೆ ಟಿಯರ್‌ಡ್ರಾಪ್ ಟ್ರೇಲರ್ ಅಂತ ಹೆಸರು. ಕಾಡುದಾರಿಯಲ್ಲಿ ಎಳೆಯುವಂಥದ್ದನ್ನು ಮನೆಯಲ್ಲೇ ಕಟ್ಟುವ ವಿಡಿಯೊಗಳನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ನೋಡಿರಬಹುದು. ನೋಡಿದರೆ ದುಡ್ಡಿದ್ದವರ ಶೋಕಿ ಅನ್ನಿಸುತ್ತದೆ. ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ.

1929ರಲ್ಲಿ ಅಲ್ಲಿನ ಶೇರುಪೇಟೆ ಕುಸಿದು ಲಕ್ಷಾಂತರ ಜನರ ಕೆಲಸ ಹೋಯಿತು. ಸುಮಾರು ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಾಲಿ ಬಯಮ್ ಎಂಬ ಪತ್ರಿಕೆ ಪ್ರಕಾಶಕ ಫೋರ್ಡ್ ಮಾಡೆಲ್ ಟಿ ಕಾರಿನ ಅಡಿಗಟ್ಟಿನ ಮೇಲೆ ಹನಿಯಾಕಾರದ ಗೂಡೊಂದನ್ನು ಕಟ್ಟಿದ. ಒಳಗೆ ಸೀಮೆಎಣ್ಣೆ ಒಲೆ, ಮಂಜುಗಡ್ಡೆ ಪೆಟ್ಟಿಗೆ. ಆಮೇಲೆ ನೂರು ಡಾಲರಿನಲ್ಲಿ ಟ್ರೇಲರ್ ಕಟ್ಟುವುದು ಹೇಗೆ ಅಂತ ಲೇಖನ ಬರೆದು ನಕ್ಷೆ ಮಾರಿದ. ಮುಂದೆ ಇವನೇ ಏರ್‌ಸ್ಟ್ರೀಮ್ ಕಂಪನಿ ಕಟ್ಟಿದ್ದು. 1936ರಲ್ಲಿ ಬಂದ ಅವನ 'ಕ್ಲಿಪ್ಪರ್' ಟ್ರೇಲರಿನ ಬೆಲೆ 1,200 ಡಾಲರ್.

ಈ ಎರಡು ಬೆಲೆಗಳನ್ನು ಕೂಲಿಯ ಲೆಕ್ಕದಲ್ಲಿ ನೋಡೋಣ. 1938ರಲ್ಲಿ ಅಮೆರಿಕ ಮೊದಲ ಸಲ ದೇಶಕ್ಕೆಲ್ಲ ಕನಿಷ್ಠ ಕೂಲಿ ಗೊತ್ತುಮಾಡಿತು: ಗಂಟೆಗೆ 25 ಸೆಂಟ್, ವಾರಕ್ಕೆ 44 ಗಂಟೆ. ಆ ಕೂಲಿಯಲ್ಲಿ ನೂರು ಡಾಲರ್ ಅಂದರೆ 400 ಗಂಟೆ, ಒಂಬತ್ತು ವಾರದ ದುಡಿಮೆ. ಕ್ಲಿಪ್ಪರ್ ಕೊಳ್ಳಬೇಕಾದರೆ 4,800 ಗಂಟೆ. ಒಂದು ದಿನ ಬಿಡದೆ ಎರಡು ವರ್ಷ ದುಡಿದು, ಪೈಸೆ ಖರ್ಚು ಮಾಡದೆ ಕೂಡಿಟ್ಟರೂ ಸಾಲದು. ಕೈಯಾರೆ ಕಟ್ಟುವುದು ಹವ್ಯಾಸವಾಗಿರಲಿಲ್ಲ, ಬೇರೆ ದಾರಿಯೇ ಇರಲಿಲ್ಲ ಅನ್ನುವುದು ನಮ್ಮ ಲೆಕ್ಕ.

ಅಳತೆಯನ್ನೂ ದುಡ್ಡೇ ನಿರ್ಧರಿಸಿತು. 1928ರಿಂದ ಅಲ್ಲಿ ಪ್ಲೈವುಡ್ ಹಾಳೆಗೆ 4 ಅಡಿ ಅಗಲ, 8 ಅಡಿ ಉದ್ದ ಅನ್ನುವುದು ರೂಢಿಯ ಅಳತೆಯಾಯಿತು. ಟಿಯರ್‌ಡ್ರಾಪಿನ ನೆಲವೂ ಅಷ್ಟೇ, 4 ಅಡಿ, 8 ಅಡಿ. ನೆಲಕ್ಕೊಂದು ಹಾಳೆ, ಪಕ್ಕಗಳಿಗೆ ಎರಡು. ತುಂಡು ವ್ಯರ್ಥವಾಗುವುದು ಕಡಿಮೆ. 1934ರಲ್ಲಿ ನೀರು ತಡೆಯುವ ಅಂಟು ಬಂದ ಮೇಲೆ ಮಳೆಗೆ ಪದರ ಬಿಡುವ ಕಾಟವೂ ತಗ್ಗಿತು. ಇಷ್ಟು ಹಗುರ ಇದ್ದದ್ದರಿಂದಲೇ 40 ಕುದುರೆಶಕ್ತಿಯ ಫೋರ್ಡ್ ಮಾಡೆಲ್ ಎ ಅದನ್ನು ಎಳೆಯಬಲ್ಲದಾಗಿತ್ತು.

ಕಾಡುದಾರಿಯ ಪಾಠ ಬಂದದ್ದು ಯುದ್ಧದಿಂದ. 1940ರಲ್ಲಿ ಮೊದಲ ಜೀಪಿನ ಮಾದರಿ ಮಾಡಿಕೊಟ್ಟದ್ದು ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರ್ ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಪಾಲಾಯಿತು. (ಬಿತ್ತಿದವನೊಬ್ಬ, ಕೊಯ್ದವನೊಬ್ಬ.) ಬ್ಯಾಂಟಮ್‌ಗೆ ಉಳಿದದ್ದು ಜೀಪಿನ ಹಿಂದೆ ಎಳೆಯುವ ಕಾಲು ಟನ್ ಟ್ರೇಲರಿನ ಕೆಲಸ. ಅದನ್ನು ಚೆನ್ನಾಗಿ ಮಾಡಿದರು. ಟ್ರೇಲರಿಗೂ ಜೀಪಿನದೇ ಅಳತೆಯ ಚಕ್ರ. ಹಾಗಾಗಿ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ಚಕ್ರಗಳ ನಡುವಿನ ಅಂತರವನ್ನೂ ಹೊಂದಿಸಿದ್ದರಿಂದ ಕೆಸರಿನಲ್ಲಿ ಜೀಪ್ ಮಾಡಿದ ಜಾಡಿನಲ್ಲೇ ಹಿಂದಿನದೂ ಬರುತ್ತಿತ್ತು. ಎತ್ತಿನಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯುದ್ಧ ಮುಗಿದ ಮೇಲೆ ಮಿಕ್ಕ ಅಲ್ಯೂಮಿನಿಯಂ ತಗಡು, ಜೀಪ್ ಚಕ್ರ ಎಲ್ಲ ಪೇಟೆಗೆ ಬಂತು. 1945ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಿಟ್ ಕಂಪನಿ ಟಿಯರ್‌ಡ್ರಾಪ್‌ಗಳನ್ನು ಸಾವಿರಗಟ್ಟಲೆ ಮಾಡಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಮನೆಯಲ್ಲೇ ಕಟ್ಟಿಕೊಳ್ಳುವ ನಕ್ಷೆ ಅಚ್ಚು ಹಾಕಿತು. ಆ ಮೇಲೆ ದೊಡ್ಡ ಇಂಜಿನ್, ದೊಡ್ಡ ಹೆದ್ದಾರಿ, ಒಳಗೇ ನಿಂತು ಓಡಾಡುವಷ್ಟು ಎತ್ತರದ ಟ್ರೇಲರ್ ಬಂದವು. 1960ರ ದಶಕದಲ್ಲಿ ಹನಿ ಹೆಚ್ಚುಕಡಿಮೆ ಆವಿಯಾಯಿತು. ಮತ್ತೆ ಅದನ್ನು ಎಬ್ಬಿಸಿದ್ದು ಇಂಟರ್ನೆಟ್ಟಿನಲ್ಲಿ ಹಳೇ ನಕ್ಷೆ ಹಂಚಿಕೊಂಡ ಜನ.

ಈಗ ಕಾಡುದಾರಿಗೆಂದು ಕಟ್ಟುವವರು ಆ ಜೀಪ್ ಟ್ರೇಲರಿನ ಬುದ್ಧಿಯನ್ನೇ ಹಿಡಿಯುತ್ತಾರೆ: ಎಳೆಯುವ ವಾಹನದ್ದೇ ಅಳತೆಯ ಚಕ್ರ, ಎತ್ತರದ ಅಚ್ಚು, ಗಟ್ಟಿ ಪಟ್ಟಾ. ದುಡ್ಡು ಹೆಚ್ಚು ತಿನ್ನುವುದು ಈ ಕೆಳಭಾಗವೇ. ಆದರೆ ವಿಡಿಯೊದಲ್ಲಿ ಚಂದ ಕಾಣುವುದು ಮೇಲಿನ ಮರಗೆಲಸ, ಹೊಸಬರ ದುಡ್ಡೂ ಮೊದಲು ಅಲ್ಲಿಗೇ ಹೋಗುತ್ತದೆ. ನಮ್ಮನ್ನು ಕೇಳಿದರೆ ಅಚ್ಚು, ಚಕ್ರ, ಕೊಂಡಿ ಇವುಗಳ ದುಡ್ಡು ಪಕ್ಕಕ್ಕಿಟ್ಟ ಮೇಲೆಯೇ ಪ್ಲೈವುಡ್ ಅಂಗಡಿಗೆ ಹೋಗಬೇಕು.

ದುಡ್ಡಿನ ಪಟ್ಟಿಯ ಪಕ್ಕದಲ್ಲೇ ತೂಕದ ಪಟ್ಟಿಯೂ ಬೇಕು. ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು ಅನ್ನುವುದು ಕಟ್ಟುವವರ ಲೆಕ್ಕ. 400 ಕಿಲೋ ಟ್ರೇಲರಾದರೆ 40ರಿಂದ 60 ಕಿಲೋ. ಹಿಂಭಾರವಾದರೆ ಎತ್ತಿನಗಾಡಿಯಲ್ಲಿ ನೊಗ ಮೇಲೇಳುತ್ತದೆ. ಇಲ್ಲಿ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಆಡಿಸತೊಡಗಿ ಕಾರನ್ನೇ ಎಳೆದಾಡುತ್ತದೆ. ಅಡುಗೆಮನೆ ಹೇಗೂ ಹಿಂದೆಯೇ ಇದೆ. 60 ಲೀಟರ್ ನೀರು ಅಂದರೆ 60 ಕಿಲೋ. ಹಾಗಾಗಿ ನೀರಿನ ಟ್ಯಾಂಕಿಗೆ ಸರಿಯಾದ ಜಾಗ ಒಲೆಯ ಪಕ್ಕ ಅಲ್ಲ, ನೆಲದಡಿ, ಅಚ್ಚಿಗಿಂತ ತುಸು ಮುಂದೆ.