ಎರೆಮಣ್ಣಿನ ಉಸಿರು, ಸೋರಿಕೆಯ ಗುಮಾನಿ: ಬಾಗಲಕೋಟೆ ಸೀಮೆಯಲ್ಲಿ ನಿಂತು ನೋಡಿದ ಒಂದು ಅಳತೆಯ ಚರಿತ್ರೆ

ಕಾರ್ಖಾನೆಯ ಚಿಮಣಿಯಿಂದ ಹಿಡಿದ ಇಂಗಾಲದ ಡೈಆಕ್ಸೈಡನ್ನು ಭೂಮಿಯ ಆಳಕ್ಕೆ ತುಂಬಿದ ಮೇಲೆ ಅದು ಮಣ್ಣಿನ ಮೂಲಕ ಮರಳಿ ಮೇಲಕ್ಕೆ ಸೋರುತ್ತಿದೆಯೇ ಎಂದು ನೋಡುವುದು ಈಗ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ಮಣ್ಣಿನ ಗಾಳಿಯ ಅಳತೆ ಮಾತ್ರ ಇದಕ್ಕಿಂತ ಬಹಳ ಹಳೆಯದು. 1853ರಲ್ಲಿ ಫ್ರಾನ್ಸಿನ ಬೂಸ್ಸೆಂಗೋ ಮತ್ತು ಲೆವಿ, ಉಳುವ ಹೊಲದ ಮಣ್ಣಿನ ಸಂದುಗಳಲ್ಲಿರುವ ಗಾಳಿಯನ್ನು ಹೀರಿ ತೆಗೆದು, ಅದರಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದನ್ನು ತೋರಿಸಿದರು. 1870ರ ದಶಕದಲ್ಲಿ ಮ್ಯೂನಿಕ್‌ನ ಪೆಟ್ಟೆನ್‌ಕೋಫರ್ ಬೇರಿಯಂ ನೀರಿನಲ್ಲಿ ಅನಿಲವನ್ನು ಹಿಡಿದು ನೆಲದಗಾಳಿಯನ್ನು ಅಳೆದ. ಅವನಿಗೆ ಬೇಕಿದ್ದದ್ದು ಕಾಲರಾದ ಕಾರಣ. ರೋಗದ ಮೂಲ ನೆಲದ ಸ್ಥಿತಿಯಲ್ಲಿದೆ ಎಂಬುದು ಅವನ ವಾದ. ಅಳತೆ ಸರಿಯಾಗಿತ್ತು, ತೀರ್ಮಾನ ತಪ್ಪಾಯಿತು.

ಆ ವಾದದ ಬೆನ್ನು ಹತ್ತಿಯೇ ಈ ವಿದ್ಯೆ ಭಾರತಕ್ಕೆ ಬಂತು. ಬರುವ ಮುನ್ನ ಜರ್ಮನಿಯಲ್ಲಿ ತರಬೇತಾದ ಲೂಯಿಸ್ ಮತ್ತು ಕನಿಂಗ್‌ಹ್ಯಾಮ್ ಎಂಬ ಇಬ್ಬರು ಸರ್ಕಾರಿ ವೈದ್ಯರು ಕಲ್ಕತ್ತೆಯಲ್ಲಿ ನೆಲದ ತೇವ, ಬಿಸಿ, ಇಂಗಾಲಾಮ್ಲಗಳನ್ನು ಅಳೆದು 1875ರಲ್ಲಿ ಮಣ್ಣು ಮತ್ತು ರೋಗದ ಸಂಬಂಧದ ಮೇಲೆ ವರದಿ ಪ್ರಕಟಿಸಿದರು. 1915ರಲ್ಲಿ ಬಿಹಾರದ ಪೂಸಾ ಸಂಶೋಧನಾಲಯದ ಕೃಷಿ ರಸಾಯನಜ್ಞ ಜೆ. ವಾಲ್ಟರ್ ಲೆದರ್ ಮಣ್ಣಿನ ಅನಿಲಗಳನ್ನೇ ವಿಷಯವಾಗಿಸಿ ಒಂದು ಕಿರುಗ್ರಂಥ ಹೊರತಂದರು. ಅವರ ಆಸ್ಥೆ ಬೆಳೆಯ ಬೇರಿಗೆ ಸಿಗುವ ಗಾಳಿಯ ಕಡೆಗಿತ್ತು. ಹೀಗೆ ಒಂದೇ ಅಳತೆ ರೋಗಶಾಸ್ತ್ರದಿಂದ ಕೃಷಿಗೆ, ಅಲ್ಲಿಂದ ಜ್ವಾಲಾಮುಖಿ ಶಾಸ್ತ್ರಕ್ಕೆ, ಕೊನೆಗೆ ಅನಿಲ ಸಂಗ್ರಹದ ಕಾವಲಿಗೆ ದಾಟಿತು. ದಾಟಿದಲ್ಲೆಲ್ಲ ಒಂದು ದೌರ್ಬಲ್ಯವೂ ಜೊತೆಗೆ ಹೋಯಿತು: ಪ್ರಮಾಣ ಹೆಚ್ಚು ಕಂಡೊಡನೆ ಕಾರಣವೂ ಸಿಕ್ಕಿತೆಂದು ನಂಬುವುದು.

ಕೆಲವೊಮ್ಮೆ ಆ ನಂಬಿಕೆ ಸರಿಯಾದದ್ದೂ ಉಂಟು. ಕ್ಯಾಲಿಫೋರ್ನಿಯಾದ ಮ್ಯಾಮತ್ ಎಂಬ ಜ್ವಾಲಾಮುಖಿ ಪರ್ವತದಲ್ಲಿ 1989ರ ಸಣ್ಣ ಭೂಕಂಪಗಳ ಸರಣಿಯ ನಂತರ, 1990ರಿಂದ, ಮರಗಳು ನಿಂತಲ್ಲೇ ಒಣಗತೊಡಗಿದವು. ಬೇರಿನ ಸುತ್ತಲ ಮಣ್ಣಿನ ಗಾಳಿಯಲ್ಲಿ ಶೇ. 20ರಿಂದ 90ರವರೆಗೂ ಇದೇ ಅನಿಲ ತುಂಬಿತ್ತು. ಅಷ್ಟು ಹೆಚ್ಚಿದ್ದರೆ ವಾದಕ್ಕೆ ಎಡೆಯಿಲ್ಲ. ಕಷ್ಟ ಇರುವುದು ನಡುವಿನ ಪ್ರಮಾಣಗಳಲ್ಲಿ, ಮಣ್ಣು ತಾನೇ ಉಸಿರಾಡಿ ಮುಟ್ಟಬಹುದಾದ ಅಂಕಿಗಳಲ್ಲಿ. ಕೆನಡಾದ ವೇಬರ್ನ್ ಪ್ರಕರಣ ಇದಕ್ಕೆ ಸಾಕ್ಷಿ. ಅಲ್ಲಿನ ತೈಲಕ್ಷೇತ್ರಕ್ಕೆ 2000ದಿಂದ ಈ ಅನಿಲವನ್ನು ತುಂಬುತ್ತಿದ್ದರು. 2011ರ ಆರಂಭದಲ್ಲಿ ಒಂದು ಕೃಷಿ ಕುಟುಂಬ, ತಮ್ಮ ಜಮೀನಿನಲ್ಲಿ ಅದೇ ಅನಿಲ ಸೋರುತ್ತಿದೆ, ಹೊಂಡದ ನೀರು ಗುಳ್ಳೆಯೇಳುತ್ತಿದೆ, ಪ್ರಾಣಿಗಳು ಸತ್ತಿವೆ ಎಂದು ಬಹಿರಂಗವಾಗಿ ದೂರಿತು. ಅವರು ಮಾಡಿಸಿದ ಮಣ್ಣಿನ ಪರೀಕ್ಷೆಯೂ ಹಾಗೆಯೇ ಹೇಳಿತ್ತು. ತುಂಬಿದ ಅನಿಲದ ಇಂಗಾಲ-13 ಸಮಸ್ಥಾನಿಯ ಗುರುತು ಜಮೀನಿನ ಅನಿಲದ ಗುರುತಿಗೆ ಹತ್ತಿರವಿತ್ತು. ಆದರೆ ತುಂಬಿದ್ದು ಕಲ್ಲಿದ್ದಲಿನಿಂದ ಬಂದ ಅನಿಲ, ಕಲ್ಲಿದ್ದಲು ಹಳೆಯ ಗಿಡಮರ, ಹೊಲದಲ್ಲಿ ಕೊಳೆಯುವುದೂ ಗಿಡವೇ; ಗುರುತು ಹೋಲದೆ ಇನ್ನೇನು? ಅದೇ ವರ್ಷ ನಡೆದ ಸ್ವತಂತ್ರ ತನಿಖೆ ಅದು ಮಣ್ಣಿನ ಸಹಜ ಉಸಿರೆಂದು ತೀರ್ಮಾನಿಸಿತು.

ಆ ತನಿಖೆಯಲ್ಲಿ ಬಳಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಥರೀನ್ ರೊಮನಾಕ್ ರೂಪಿಸಿದ ವಿಧಾನ. ಅದರ ತತ್ತ್ವ ಸರಳ. ಜೀವಾಣುಗಳು ಉಸಿರಾಡಿದರೆ ಎಷ್ಟು ಆಮ್ಲಜನಕ ಕಡಿಮೆಯಾಯಿತೋ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಸಾರಜನಕದ ಪಾಲು ಕದಲುವುದಿಲ್ಲ. ಹೊರಗಿನಿಂದ ಅನಿಲ ನುಗ್ಗಿದರೆ ಸಾರಜನಕವೇ ತೆಳುವಾಗುತ್ತದೆ. ಅನಿಲ ಕರಗಿ ಸುಣ್ಣದೊಡನೆ ಸೇರಿದರೆ ಆಮ್ಲಜನಕ ಕಡಿಮೆಯಾದಷ್ಟು ಡೈಆಕ್ಸೈಡ್ ಕಾಣಿಸುವುದಿಲ್ಲ. ನೆಲದ ಮೇಲೆ ಡಬ್ಬಿ ಬೋರಲು ಹಾಕಿ, ಒಳಗೆ ಅನಿಲ ಏರುವ ವೇಗವನ್ನು ಅವಕೆಂಪು ಮಾಪಕದಿಂದ ಅಳೆಯುವ ಪ್ರಚಲಿತ ಪದ್ಧತಿಗೆ ಈ ವಿವೇಚನೆಯ ಶಕ್ತಿ ಇಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಪ್ರದೇಶದ ಭೂವಿಜ್ಞಾನದ ಮೇಲೆ 1876ರಲ್ಲಿ ಬರೆದ ಗ್ರಂಥದಿಂದ ಇಲ್ಲಿನ ಕಲಾದಗಿ ಎಂಬ ಊರಿನ ಹೆಸರು ಶಿಲಾಶಾಸ್ತ್ರದಲ್ಲಿ ನೆಲೆಯೂರಿತು. ಬಾಗಲಕೋಟೆಯ ಸುತ್ತ ಸುಣ್ಣಕಲ್ಲು, ಡಾಲಮೈಟು, ಜೇಡಿಗಲ್ಲು, ಬಾದಾಮಿಯಲ್ಲಿ ಚಾಲುಕ್ಯರು ಗುಹೆ ಕೊರೆದ ಮರಳುಗಲ್ಲು, ಹುನಗುಂದದ ಎರೆಹೊಲ, ಇಳಕಲ್ಲಿನ ಕೆಂಪು ಗ್ರಾನೈಟು ಮತ್ತು ಅದರ ಮೇಲಿನ ಮಸಾರಿ. ಒಂದು ದಿನದ ಬಸ್ ಪ್ರಯಾಣದಲ್ಲಿ ನಾಲ್ಕು ಬಗೆಯ ನೆಲ. ಉತ್ತರಕ್ಕೆ ಜಮಖಂಡಿ ಕಡೆ ದಖನ್ನಿನ ಬಸಾಲ್ಟು.

ಈ ಬಸಾಲ್ಟಿನಿಂದಲೇ ಚರ್ಚೆ ಇಲ್ಲಿಗೂ ಮುಟ್ಟುತ್ತದೆ. ನೀತಿ ಆಯೋಗದ 2022ರ ವರದಿ ದೇಶದ ಬಸಾಲ್ಟಿನಲ್ಲಿ 97ರಿಂದ 316 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಸಬಹುದೆಂದು ಅಂದಾಜಿಸಿದೆ. ಅಂದಾಜಿನ ಎರಡು ತುದಿಗಳ ನಡುವೆ ಮೂರು ಪಟ್ಟು ಅಂತರವಿದೆ ಎನ್ನುವುದನ್ನು ಗಮನಿಸಬೇಕು. ಅನಿಲವನ್ನು ದ್ರವದಷ್ಟು ಸಾಂದ್ರವಾಗಿ ಇಡಲು ಸುಮಾರು 800 ಮೀಟರಿನ ಆಳ ಬೇಕು. ಮಹಾರಾಷ್ಟ್ರದ ಕೊಯ್ನಾದ ಕೊಳವೆ ಕೊರೆತದಲ್ಲಿ ಬಸಾಲ್ಟು 1,200 ಮೀಟರ್ ದಾಟಿದೆ, ಕಿಲ್ಲಾರಿಯಲ್ಲಿ 338 ಮೀಟರಿಗೇ ಮುಗಿದಿದೆ, ಅಂಚಿನತ್ತ ಬಂದಂತೆ ಇನ್ನೂ ತೆಳು. ಜಮಖಂಡಿ ಸೀಮೆ ಆ ಅಂಚು. ಐಸ್‌ಲೆಂಡಿನ ಕಾರ್ಬ್‌ಫಿಕ್ಸ್ ಯೋಜನೆಯಂತೆ ಅನಿಲವನ್ನು ನೀರಿನಲ್ಲಿ ಕರಗಿಸಿ ಇಳಿಸಿದರೆ ಅಷ್ಟು ಆಳ ಬೇಡ. ಅಲ್ಲಿ 2012ರಲ್ಲಿ ಇಳಿಸಿದ ಅನಿಲದ ಶೇ. 95ರಷ್ಟು ಎರಡೇ ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ಆದರೆ ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಸಮೃದ್ಧಿ ಎನ್ನುವ ನಾಡಿಗೆ ಹೇಳುವ ಮಾತಲ್ಲ ಇದು. ಬಸಾಲ್ಟು ಬಿಟ್ಟು ಜಲಜ ಶಿಲೆಗಳತ್ತ ನೋಡಿದರೆ, ಭೀಮಾ–ಕಲಾದಗಿ ಪ್ರದೇಶವೂ ತೈಲಾನ್ವೇಷಕರ ಪಟ್ಟಿಯಲ್ಲಿ ಮೂರನೇ ದರ್ಜೆಯ ಜಲಜ ಶಿಲಾದ್ರೋಣಿ. ನನ್ನ ಅಭಿಪ್ರಾಯದಲ್ಲಿ ಅನಿಲ ತುಂಬಲು ಈ ಜಿಲ್ಲೆ ಯೋಗ್ಯವಲ್ಲ.

ಸೋರಿಕೆ ಅಳೆಯುವವರ ಪರೀಕ್ಷೆಗೆ ಮಾತ್ರ ಇದಕ್ಕಿಂತ ಕಠಿಣವಾದ ನೆಲ ಸಿಗುವುದು ಅಪರೂಪ. ಎರೆಮಣ್ಣು ಬೇಸಿಗೆಯಲ್ಲಿ ಮೀಟರ್ ಆಳಕ್ಕೆ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಒಳಗಿನ ಗಾಳಿ ಒಂದೆಡೆ ಧಾರಾಳವಾಗಿ ಏಳುತ್ತದೆ, ಮಾರು ದೂರದಲ್ಲಿ ಏನೂ ಇಲ್ಲ. ಮೊದಲ ಮಳೆ ಬಿದ್ದಾಗ ಬಿರುಕು ಮುಚ್ಚಿ, ಒಣಗಿದ್ದ ಜೀವಾಣುಗಳು ಒಮ್ಮೆಲೆ ಎಚ್ಚೆತ್ತು ಅನಿಲ ಉಕ್ಕಿಸುತ್ತವೆ. ಪೂರ್ವ ಆಫ್ರಿಕದಲ್ಲಿ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ವಿವರಿಸಿದ ಈ ಉಬ್ಬರ, ಅರಿಯದವನ ಕಣ್ಣಿಗೆ ಸೋರಿಕೆಯೇ. ಅದರ ಮೇಲೆ ಎರೆಯೊಳಗಿನ ಸುಣ್ಣದ ಹರಳುಗಳಿವೆ. ತೇವವಿದ್ದಾಗ ಈ ಸುಣ್ಣ ಅನಿಲವನ್ನು ನುಂಗಿ ಕರಗುತ್ತದೆ, ಒಣಗಿದಾಗ ಗಟ್ಟಿಯಾಗಿ ಅದೇ ಅನಿಲವನ್ನು ಬಿಟ್ಟುಕೊಡುತ್ತದೆ. ಒಣನಾಡಿನ ಎರೆಯಲ್ಲಿ ಈ ಸುಣ್ಣ ಹೊಸದಾಗಿ ಕಟ್ಟಿಕೊಳ್ಳುವುದನ್ನು ನಾಗಪುರದ ಮಣ್ಣು ಸಮೀಕ್ಷಾ ಸಂಸ್ಥೆಯವರು ವಿಸ್ತಾರವಾಗಿ ಅಭ್ಯಸಿಸಿದ್ದಾರೆ.

ಸಮಸ್ಥಾನಿಯ ಲೆಕ್ಕ ಇಲ್ಲಿ ವೇಬರ್ನ್‌ಗಿಂತ ಗೋಜಲು. ಹಿಂಗಾರಿ ಜೋಳದ ಬೇರು ಬಿಡುವ ಇಂಗಾಲ-13ರ ಗುರುತು (ಅಂಗೀಕೃತ ಮಾನಕಕ್ಕಿಂತ ಎಷ್ಟು ಕಡಿಮೆ ಎಂಬ ಲೆಕ್ಕ) ಸಾವಿರಕ್ಕೆ −12ರ ಸುತ್ತ, ಕಡಲೆಯದ್ದು −27ರ ಸುತ್ತ. ಬೆಳೆ ಬದಲಿಸಿದರೆ ಹೊಲದ ಗುರುತೇ ಬದಲು. ತುಂಬಿದ್ದು ಸಿಮೆಂಟ್ ಕಾರ್ಖಾನೆಯ ಅನಿಲವಾದರೆ ಏನಾಗುತ್ತದೆ ನೋಡಿ: ಒಂದು ಟನ್ ಶುದ್ಧ ಸುಣ್ಣಕಲ್ಲು ಸುಟ್ಟರೆ 440 ಕಿಲೋ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಅದರ ಗುರುತು ಸೊನ್ನೆಯ ಆಸುಪಾಸು, ಉಳಿದದ್ದು ಕಲ್ಲಿದ್ದಲಿನದು, −25ರ ಸುತ್ತ. ಅರವತ್ತು ಪಾಲು ಕಲ್ಲಿನದು, ನಲವತ್ತು ಇಂಧನದ್ದು ಎಂದು ಕೂಡಿಸಿದರೆ −10 ಬರುತ್ತದೆ, ಅಂದರೆ ಜೋಳದ ಹೊಲದ ಗುರುತಿನ ಪಕ್ಕದಲ್ಲೇ. ಇಂಗಾಲ-14 ನೋಡಿದರೆ ಬಗೆಹರಿದೀತು ಎನ್ನಬಹುದು, ಏಕೆಂದರೆ ಕಲ್ಲಿದ್ದಲಿನಲ್ಲೂ ಪುರಾತನ ಸುಣ್ಣಕಲ್ಲಿನಲ್ಲೂ ಅದು ಉಳಿದಿಲ್ಲ. ಬಾಗಲಕೋಟೆಯ ಸುಣ್ಣಕಲ್ಲಿನ ಮೇಲಿನ ಮಣ್ಣಿನಲ್ಲಾದರೋ ಕಲ್ಲು ಸವೆದು ಬರುವ ಅನಿಲದಲ್ಲೂ ಅದಿಲ್ಲ. ಯಾವ ಒಂದು ಗುರುತೂ ಇಲ್ಲಿ ಏಕಾಂಗಿಯಾಗಿ ಸಾಕ್ಷಿ ಹೇಳಲಾರದು. ಸಾರಜನಕ, ಆಮ್ಲಜನಕ, ಎರಡೂ ಸಮಸ್ಥಾನಿ, ತೇವ, ಬೆಳೆ ಎಲ್ಲವನ್ನೂ ಒಟ್ಟಿಗೆ ಓದಬೇಕು. ಬಾದಾಮಿಯ ಮರಳುಮಣ್ಣು ಮತ್ತು ಇಳಕಲ್ಲಿನ ಮಸಾರಿ ಈ ಓದಿಗೆ ಹೋಲಿಕೆಯ ನೆಲಗಳಾಗಬಲ್ಲವು, ಏಕೆಂದರೆ ಅಲ್ಲಿ ಸುಣ್ಣದ ಕಾಟ ಕಡಿಮೆ.

ಅಮೆರಿಕದ ಮೊಂಟಾನಾದಲ್ಲಿ 2007ರಿಂದ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲೂ, ಹುಲ್ಲುಗಾವಲಿನ ಕೆಳಗೆ ಬೇಕೆಂದೇ ಅನಿಲ ಬಿಟ್ಟು ಉಪಕರಣಗಳನ್ನು ಪರೀಕ್ಷಿಸಿದರು. ಅವು ತಂಪು ದೇಶದ ಪಾಠಗಳು. ಬಿರಿಯುವ, ಸುಣ್ಣ ತುಂಬಿದ, ಜೋಳ–ಕಡಲೆ ಸರದಿಯ ಹೊಲಕ್ಕೆ ಅವನ್ನು ನೇರವಾಗಿ ತಂದು ಹಾಕಲಾಗದು. ದಖನ್ನಿನ ಬಸಾಲ್ಟಿನಲ್ಲಿ ಎಲ್ಲೇ ಅನಿಲ ತುಂಬಲಿ, ಅದರ ಮೇಲಿನ ಹೊಲ ಬಹುಪಾಲು ಎರೆಯದೇ. ಆದ್ದರಿಂದ ತುಂಬುವ ಮೊದಲೇ, ಕನಿಷ್ಠ ಕೆಲವು ಮುಂಗಾರು–ಹಿಂಗಾರುಗಳ ಕಾಲ, ಈ ನಾಲ್ಕು ನೆಲಗಳ ಸಹಜ ಉಸಿರನ್ನು ದಾಖಲಿಸಿಡಬೇಕು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ವಿಜಯಪುರದಲ್ಲಿ 1930ರ ದಶಕದಿಂದ ಒಣಬೇಸಾಯ ಸಂಶೋಧನೆಯ ಪರಂಪರೆ ಇದೆ. ಈ ಕೆಲಸವನ್ನು ಅವರು ಕೈಗೆತ್ತಿಕೊಳ್ಳಬೇಕು, ದಾಖಲೆ ರೈತರ ಕೈಗೂ ಸಿಗುವಂತಿರಬೇಕು. ನಾಳೆ ಯಾರಾದರೂ ತಮ್ಮ ಹೊಲದಲ್ಲಿ ಸೋರಿಕೆಯ ಗುಮಾನಿ ಎತ್ತಿದರೆ ಅವರನ್ನು ನಂಬಲಿಕ್ಕೂ ಅಲ್ಲಗಳೆಯಲಿಕ್ಕೂ ಬೇರೆ ಆಧಾರವಿಲ್ಲ.