ಸರ್ವರ್ ಬಂದ ಮೇಲಿನ ಪಹಣಿ: ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಭೂದಾಖಲೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕಂದಾಯ ಆಡಳಿತದಲ್ಲಿ ಸರ್ವರ್ ಎಂಬ ಯಂತ್ರವು ನೆಲೆ ಕಂಡದ್ದು ಪಹಣಿಯ ಮೂಲಕ. ಜಮೀನಿನ ಸರ್ವೆ ನಂಬರು, ಎಕರೆ-ಗುಂಟೆಗಳಲ್ಲಿ ಅದರ ವಿಸ್ತೀರ್ಣ, ಸ್ವಾಧೀನದಾರನ ಹೆಸರು, ಋಣ ಮತ್ತು ಬೆಳೆಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಈ ದಾಖಲೆಯು ಬೆಳೆಸಾಲ, ಪಾಲುಪಟ್ಟಿ, ಕೋರ್ಟು ವ್ಯಾಜ್ಯ ಎಲ್ಲಕ್ಕೂ ಬೇಕಾಗಿರುವುದರಿಂದ, ಅದು ಯಾರ ವಶದಲ್ಲಿದೆ ಎಂಬುದು ಈ ಭಾಗದಲ್ಲಿ ಹಿಂದಿನಿಂದಲೂ ಅಧಿಕಾರದ ಪ್ರಶ್ನೆಯೇ ಆಗಿತ್ತು.

ನಿಜಾಮರ ಆಳ್ವಿಕೆಯಲ್ಲಿ ಸಂಸ್ಥಾನದ ಆಡಳಿತ ಉರ್ದುವಿನಲ್ಲಿ ನಡೆಯುತ್ತಿದ್ದರೆ, ಊರಿನ ಲೆಕ್ಕಪತ್ರವು ವಂಶಪಾರಂಪರ್ಯವಾಗಿ ಬಂದ ಪಟವಾರಿಯ ಕೈಯಲ್ಲಿರುತ್ತಿತ್ತು. ಜಾಗೀರುಗಳು 1949ರಲ್ಲಿ ರದ್ದಾದವು. 1954-55ರಲ್ಲಿ ಸಿದ್ಧವಾದ ಖಾಸ್ರಾ ಪಹಣಿಯನ್ನು ಹಳೆಯ ಹಕ್ಕಿನ ವ್ಯಾಜ್ಯಗಳಲ್ಲಿ ಇಂದಿಗೂ ಆಧಾರವಾಗಿ ಹಾಜರುಪಡಿಸುವುದುಂಟು. ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, 1961ರ ಕಾಯ್ದೆಯು ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು ಮತ್ತು 1964ರ ಭೂಕಂದಾಯ ಕಾಯ್ದೆಯು ಹಕ್ಕುದಾಖಲೆಗೆ ಏಕರೂಪದ ಚೌಕಟ್ಟನ್ನು ಒದಗಿಸಿತು. ಆದರೂ ದಾಖಲೆಯು ಗ್ರಾಮ ಲೆಕ್ಕಾಧಿಕಾರಿಯ ವಹಿಯಲ್ಲೇ ಉಳಿದಿದ್ದರಿಂದ, ರೈತನು ನಕಲು ಬೇಕಾದಾಗಲೆಲ್ಲ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು.

ಈ ವಹಿಯನ್ನು ಗಣಕಕ್ಕೆ ಏರಿಸುವ ಪ್ರಯತ್ನ ಕರ್ನಾಟಕದಲ್ಲಿ ಮೊದಲು ನಡೆದದ್ದು ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಲ್ಲಿಯೇ. ಕೇಂದ್ರ ಸರ್ಕಾರದ ಪೂರ್ಣ ನೆರವಿನ ಪ್ರಾಯೋಗಿಕ ಯೋಜನೆಯೊಂದು 1991ರಲ್ಲಿ ಇಲ್ಲಿ ಆರಂಭವಾಯಿತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಇಂಥ ಯೋಜನೆಗಳು ಮಂಜೂರಾದವು. ಆದರೆ ದಾಖಲೆ ನಿತ್ಯ ಬದಲಾಗುವ ತಾಲೂಕು ಮಟ್ಟದಲ್ಲಿ ಗಣಕ ಇರಿಸಲು ಈ ಯೋಜನೆಗಳಲ್ಲಿ ಅವಕಾಶವಿರಲಿಲ್ಲ. ಜಮೀನು ಮಾರಾಟವಾದರೂ, ಖಾತೆದಾರ ತೀರಿಕೊಂಡು ವಾರಸುದಾರರ ಹೆಸರು ಸೇರಿದರೂ ತಿದ್ದುಪಡಿಯು ಕೈಬರಹದ ವಹಿಯಲ್ಲೇ ಆಗುತ್ತಿದ್ದುದರಿಂದ ಗಣಕದ ಮಾಹಿತಿ ಹಳತಾಗುತ್ತ ಹೋಯಿತು.

ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ ‘ಭೂಮಿ’ ಯೋಜನೆಯು ಸರ್ವರನ್ನು ತಾಲೂಕು ಕಚೇರಿಗೇ ತಂದು ಈ ಕೊರತೆಯನ್ನು ನೀಗಿಸಿತು. ಮಾಹಿತಿಯನ್ನು ಒಂದೆಡೆ ಸಂಗ್ರಹಿಸಿಟ್ಟುಕೊಂಡು, ತನಗೆ ಜೋಡಿಸಿದ ಇತರ ಗಣಕಗಳು ಕೇಳಿದಾಗ ಒದಗಿಸುವ ಗಣಕಕ್ಕೆ ಸರ್ವರ್ ಎಂದು ಹೆಸರು. ಅದನ್ನು ಕೋಣೆಯಲ್ಲಿರಿಸಿ, ಕರೆಂಟು ಹೋದರೂ ಕೆಡದಂತೆ ಯುಪಿಎಸ್ ಜೋಡಿಸಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶವನ್ನೂ ಕನ್ನಡ ಲಿಪಿಯ ವ್ಯವಸ್ಥೆಯನ್ನೂ ಅಳವಡಿಸುವುದು ಕೆಲಸದ ಸುಲಭದ ಭಾಗವಾಗಿತ್ತು. ಕಠಿಣವಾದದ್ದು ಅದರೊಳಗೆ ತುಂಬಬೇಕಾದ ಮಾಹಿತಿ. ಕೈಬರಹದ ವಹಿಗಳನ್ನು ನೋಡಿ ಟೈಪು ಮಾಡಿದ ಬಳಿಕ ಅಚ್ಚುಪ್ರತಿ ತೆಗೆದು, ಗ್ರಾಮ ಲೆಕ್ಕಾಧಿಕಾರಿಗಳಿಂದ ಮೂಲದೊಡನೆ ತಾಳೆ ನೋಡಿಸಿ, ತಪ್ಪುಗಳನ್ನು ತಿದ್ದಬೇಕಾಗಿತ್ತು. ಬಳಿಕ ತಿದ್ದುಪಡಿಯ ಹಕ್ಕುಳ್ಳ ನೌಕರರ ಬೆರಳಚ್ಚನ್ನು ವ್ಯವಸ್ಥೆಯಲ್ಲಿ ನೋಂದಾಯಿಸಲಾಯಿತು. ಇದರಿಂದ ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದು ದಾಖಲಾಗತೊಡಗಿತು. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು.

ಈ ಸಿದ್ಧತೆ ಮುಗಿದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರ್ಕಾರ ಪ್ರಕಟಿಸಿತು. 2000ರ ದಶಕದ ಆರಂಭದ ವರ್ಷಗಳಲ್ಲಿ ರಾಜ್ಯದ 177 ತಾಲೂಕುಗಳ ಸುಮಾರು 67 ಲಕ್ಷ ರೈತರ ಅಂದಾಜು 2 ಕೋಟಿ ದಾಖಲೆಗಳು ಈ ವ್ಯವಸ್ಥೆಗೆ ಒಳಪಟ್ಟವು, ಮತ್ತು 15 ರೂಪಾಯಿ ಶುಲ್ಕ ಕಟ್ಟಿದ ಯಾರಿಗೇ ಆಗಲಿ ಕಿಟಕಿಯಲ್ಲಿ ಪಹಣಿಯ ಪ್ರತಿ ದೊರೆಯುವಂತಾಯಿತು. ಹಳೆಯ ವಹಿಯನ್ನು ಬದಿಗಿಟ್ಟ ಈ ತೀರ್ಮಾನವೇ ಯೋಜನೆಯ ಯಶಸ್ಸಿಗೆ ನಿರ್ಣಾಯಕವಾಯಿತು. ವಹಿಯೂ ಗಣಕವೂ ಏಕಕಾಲಕ್ಕೆ ಮಾನ್ಯವಾಗಿ ಉಳಿದಿದ್ದರೆ 1991ರ ಪ್ರಯೋಗದ ಗತಿಯೇ ಮರುಕಳಿಸುತ್ತಿತ್ತು.

ಮುಂದಿನ ಹಂತದಲ್ಲಿ ತಾಲೂಕುಗಳ ಮಾಹಿತಿಯು ಜಾಲದ ಮೂಲಕ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿತು. ಅಂತರ್ಜಾಲದಲ್ಲಿ ಬಂದ ಕೋರಿಕೆಗೆ ತಕ್ಕ ಪುಟವನ್ನು ಕಳುಹಿಸುವ ವೆಬ್ ಸರ್ವರ್‌ನಿಂದಾಗಿ ಪಹಣಿಯನ್ನು ಮೊಬೈಲಿನಲ್ಲಿಯೇ ನೋಡುವುದು ಸಾಧ್ಯವಾಯಿತು. ಜೇವರ್ಗಿಯಿಂದ ಬೇರ್ಪಟ್ಟು ಯಡ್ರಾಮಿ 2018ರಲ್ಲಿ ಹೊಸ ತಾಲೂಕಾಗುವ ವೇಳೆಗೆ ಜನರು ಈ ಬದಲಾವಣೆಗೆ ಹೊಂದಿಕೊಂಡಿದ್ದರು. ಆದರೆ ಹಿಂದೆ ಲೆಕ್ಕಾಧಿಕಾರಿ ಊರಲ್ಲಿಲ್ಲದ ಕಾರಣಕ್ಕೆ ಬರಿಗೈಯಲ್ಲಿ ಮರಳುತ್ತಿದ್ದ ರೈತನು ಈಗ ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ ಮರಳುವ ಸಂದರ್ಭಗಳೂ ಉಂಟಾದವು.

ಸರ್ವರ್ ತಾಲೂಕಿನಲ್ಲಿದ್ದರೂ ರಾಜಧಾನಿಯಲ್ಲಿದ್ದರೂ ಅದು ತನಗೆ ಕೊಟ್ಟದ್ದನ್ನಷ್ಟೇ ತೋರಿಸುತ್ತದೆ. ವಹಿಯಿಂದ ತಪ್ಪಾಗಿ ಇಳಿದ ಹೆಸರು ಯಾರಾದರೂ ತಿದ್ದಿಸುವವರೆಗೆ ತಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಸ್ವಾಧೀನದಾರನ ಹೆಸರಿರುವ 9ನೇ ಕಾಲಂ ಹಾಗೂ ಋಣಗಳನ್ನು ತೋರಿಸುವ 11ನೇ ಕಾಲಮನ್ನು ಪ್ರತಿಯೊಬ್ಬ ಖಾತೆದಾರನೂ ಆಗಾಗ ಓದಿ ನೋಡುವುದು, ತೀರಿದ ಸಾಲ ಇನ್ನೂ ಅಲ್ಲಿ ಉಳಿದಿದ್ದರೆ ತಡಮಾಡದೆ ತೆಗೆಸುವುದು ಅಗತ್ಯ.