ಹೆಲ್ಸಿಂಕಿಯಿಂದ ಟೋಕಿಯೋ ಎಷ್ಟು ದೂರ?

ಎರಡು ಊರುಗಳ ನಡುವಿನ ದೂರ ತಿಳಿಯಬೇಕೆನಿಸಿದಾಗ ನಾನು ಮೇಜಿನ ಮೇಲಿರುವ ಹಳೆಯ ಭೂಗೋಳಕ್ಕೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡುವುದುಂಟು. ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋವರೆಗೆ ಹಿಡಿದರೆ ಆ ದಾರ ಬಹುಪಾಲು ರಷ್ಯದ ಮೇಲೆಯೇ ಹಾಯುತ್ತದೆ. ಉದ್ದ ಸುಮಾರು 7,800 ಕಿಲೋಮೀಟರು. ಇಲ್ಲಿಗೆ ಲೆಕ್ಕ ಮುಗಿಯಿತೆಂದುಕೊಂಡರೆ ನಾವು ಮೋಸಹೋದಂತೆಯೇ ಸರಿ.

1944ರಲ್ಲಿ ಷಿಕಾಗೋ ನಗರದಲ್ಲಿ ರೂಪುಗೊಂಡ ಒಪ್ಪಂದವು, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣಾಧಿಕಾರವುಂಟೆಂದು ಸಾರಿತು. ನೆಲಕ್ಕೆ ಬೇಲಿ ಹಾಕಿದ ಮನುಷ್ಯ ಗಾಳಿಗೂ ಹಾಕಿದ. ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಒಕ್ಕೂಟದ ಆಕಾಶ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೊರಟವರು ದಕ್ಷಿಣ ಏಷ್ಯವನ್ನು ಬಳಸಿಕೊಂಡು ಹೋಗಬೇಕಾಗಿತ್ತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯದ ವಿಮಾನಸಂಸ್ಥೆಯೊಂದು ಕೋಪನ್‌ಹೇಗನ್ನಿನಿಂದ ಹೊರಟು, ಉತ್ತರಧ್ರುವದ ಮಾರ್ಗವಾಗಿ ಅಲಾಸ್ಕದ ಆಂಕರೇಜಿನಲ್ಲಿ ತಂಗಿ, ಟೋಕಿಯೋ ಸೇರುವ ಸಂಚಾರವನ್ನು ಆರಂಭಿಸಿತು. ಧ್ರುವದ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಬುಗುರಿಯಂತೆ ತಿರುಗುವ ಗೈರೋ ಉಪಕರಣದ ನೆರವಿನಿಂದ ಆ ವೈಮಾನಿಕರು ದಾರಿ ಹಿಡಿದರು.

1983ರಲ್ಲಿ ಫಿನ್‌ಲೆಂಡಿನ ಫಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನಗಳು ಹೆಲ್ಸಿಂಕಿಯಿಂದ ಟೋಕಿಯೋಗೆ ನಡುವೆ ಎಲ್ಲಿಯೂ ನಿಲ್ಲದೆ ಹಾರತೊಡಗಿದವು. ಪೂರ್ವದ ಊರಿಗೆ ಹೋಗಲು ಮೊದಲು ಉತ್ತರಕ್ಕೆ ಮುಖ ಮಾಡಬೇಕು. ಧ್ರುವವನ್ನು ದಾಟಿ, ಬೇರಿಂಗ್ ಜಲಸಂಧಿಯ ಮೇಲೆ ಹಾದು ದಕ್ಷಿಣಕ್ಕೆ ತಿರುಗಬೇಕು. ಇದಕ್ಕೆ 13 ಗಂಟೆಗಳೇ ಹಿಡಿದವು. ಆಕಾಶದ ಬೇಲಿಯನ್ನು ಮೆಟ್ಟಿದರೆ ಏನಾದೀತೆಂಬುದೂ ಅದೇ ವರ್ಷ ಲೋಕಕ್ಕೆ ತಿಳಿಯಿತು. ಸೆಪ್ಟೆಂಬರ್ 1ರಂದು, ಆಂಕರೇಜಿನಿಂದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯದ ವಿಮಾನವೊಂದು ದಾರಿತಪ್ಪಿ ಸೋವಿಯತ್ ಗಡಿಯೊಳಕ್ಕೆ ಹೊಕ್ಕಿತು. ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ಸತ್ತವರು 269 ಮಂದಿ.

ಕಾಲಕ್ರಮದಲ್ಲಿ ಬೇಲಿ ಸಡಿಲವಾಯಿತು. 1991ರಲ್ಲಿ ಆ ಒಕ್ಕೂಟವೇ ಒಡೆಯಿತು. ಸೈಬೀರಿಯದ ಮೇಲೆ ಹಾರಲು ಸುಂಕ ತೆತ್ತವರು ಒಂಬತ್ತು ಹತ್ತು ಗಂಟೆಗಳಲ್ಲಿ ಟೋಕಿಯೋ ಮುಟ್ಟಿದರು. ಪುಟ್ಟ ಹೆಲ್ಸಿಂಕಿ ಏಷ್ಯಕ್ಕೆ ಹೆಬ್ಬಾಗಿಲಾಗಿ ಬೆಳೆದದ್ದು ಈ ಹತ್ತಿರದ ದಾರಿಯಿಂದಲೇ. ಆದರೆ 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯುರೋಪಿನ ರಾಷ್ಟ್ರಗಳು ತಮ್ಮ ಆಕಾಶವನ್ನು ರಷ್ಯಕ್ಕೆ ಮುಚ್ಚಿದವು. ರಷ್ಯ ತನ್ನದನ್ನು ಅವರಿಗೆ ಮುಚ್ಚಿತು. ಮಾರ್ಚ್ ತಿಂಗಳಲ್ಲಿ ಫಿನ್‌ಏರ್ ವಿಮಾನ ಮತ್ತೆ ಧ್ರುವದ ಕಡೆಗೆ ತಿರುಗಿತು. ವಿಮಾನ ಹೊಸದು, ಯಂತ್ರ ಹೊಸದು. ಪ್ರಯಾಣ ಮಾತ್ರ 39 ವರ್ಷಗಳ ಹಿಂದಿನಂತೆಯೇ 13 ಗಂಟೆ.

ದೂರವೆಂಬುದು ಭೂಗೋಳದ ಪಾಠವೆಂದು ನಾವು ಶಾಲೆಯಲ್ಲಿ ಕಲಿತೆವು. ಅದು ಚರಿತ್ರೆಯ ಪಾಠವೂ ಹೌದೆಂದು ಈಗ ನನಗೆ ತೋರುತ್ತದೆ. ಮೊನ್ನೆ ಅದೇ ದಾರವನ್ನು ಧ್ರುವದ ಮೇಲೆ ಹಾಯಿಸಿ ಟೋಕಿಯೋವರೆಗೆ ತರಲು ಯತ್ನಿಸಿದೆ. ಸಾಲಲಿಲ್ಲ, ಇನ್ನೊಂದು ತುಂಡನ್ನು ಗಂಟುಹಾಕಬೇಕಾಯಿತು.